ಬಟ್ಟಲೂ ಇನ್ಸುಲೇಟರೂ: ಮಿರ್ಜಾ ಅವರ ಪಿಂಗಾಣಿ

ಪಿಂಗಾಣಿ ಎಂದರೆ ಎಲ್ಲರಿಗೂ ಜಪಾನಿನ ಚಹಾ ಬಟ್ಟಲು ನೆನಪಾಗುತ್ತದೆ. ಮಲ್ಲೇಶ್ವರದ ಹುಡುಗನಾದ ನನಗೆ ನೆನಪಾಗುವುದು ಟಾಟಾ ಇನ್‌ಸ್ಟಿಟ್ಯೂಟ್ ಎದುರಿನ ಕಾರ್ಖಾನೆ, ಅದರ ಹಿಂದಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಹುಟ್ಟಿದ್ದು ಬೆಂಗಳೂರಿನಲ್ಲೇ, 1883ರಲ್ಲಿ. ಅಜ್ಜ ಪರ್ಷಿಯಾದಿಂದ ಬಂದ ಕುದುರೆ ವ್ಯಾಪಾರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಜೊತೆಗೇ ಪಾಠ ಕಲಿತು, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. 1926ರಲ್ಲಿ ಆ ಸಹಪಾಠಿಯೇ ಅವರನ್ನು ದಿವಾನರನ್ನಾಗಿಸಿದರು. ಇದು ಬರೀ ಗೆಳೆತನದ ಕೃಪೆ ಎನ್ನುವವರು ಮುಂದಿನ 15 ವರ್ಷಗಳನ್ನು ನೋಡಬೇಕು: ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ, ಬೆಂಗಳೂರಿನ ಬಲ್ಬು, ಪಿಂಗಾಣಿ.

ಎಲೆಕ್ಟ್ರಿಕಲ್ ಓದುವ ನನಗೆ ಪಿಂಗಾಣಿಯೇ ದೊಡ್ಡದು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ಇತ್ತು. ಅದು ಊರೂರು ತಲುಪಲು ಕಂಬ, ತಂತಿ ಸಾಲದು. ಅವೆರಡರ ನಡುವೆ ಕರೆಂಟು ಹರಿಯಗೊಡದ ಇನ್ಸುಲೇಟರ್ ಬೇಕು. ಬಿಳಿ ಜೇಡಿ, ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಅರೆದು ಬೆರೆಸಿ ಸುಟ್ಟರೆ ಬಟ್ಟಲೂ ಆಗುತ್ತದೆ, ಇನ್ಸುಲೇಟರೂ ಆಗುತ್ತದೆ. ಜಪಾನಿನಲ್ಲಿ ನೊರಿಟಾಕೆ ತಟ್ಟೆಗಳ ಕಂಪನಿಯಿಂದಲೇ 1919ರಲ್ಲಿ ಇನ್ಸುಲೇಟರ್ ತಯಾರಿಸುವ ಎನ್‌ಜಿಕೆ ಕವಲೊಡೆಯಿತು. ಬಟ್ಟಲಿಗೆ ಹೊಳಪು ಕೊಡುವ ಗ್ಲೇಜ್, ಇನ್ಸುಲೇಟರ್ ಮೇಲೆ ಕೊಳೆ ನಿಲ್ಲದಂತೆ ಮಾಡುತ್ತದೆ. ಅದರ ಕೊಡೆಯಂಥ ಅಂಚುಗಳ ಅಡಿಭಾಗ ಮಳೆಯಲ್ಲೂ ಒಣಗಿರುತ್ತದೆ. ನೋಡಲು ಚೆಂದ, ಆದರೆ ಚೆಂದಕ್ಕಾಗಿ ಮಾಡಿದ್ದಲ್ಲ.

ಚೆಂದದ ಹುಚ್ಚು ಮಿರ್ಜಾ ಅವರಿಗೂ ಇತ್ತು. ಬೆಳಗ್ಗೆ ಕುದುರೆಯೇರಿ ಬೀದಿ, ಚರಂಡಿ, ಉದ್ಯಾನ ನೋಡಿಬರುತ್ತಿದ್ದರು. 1941ರಲ್ಲಿ ದಿವಾನಗಿರಿ ಬಿಟ್ಟರು. ಆಮೇಲೆ ಜೈಪುರ, ಹೈದರಾಬಾದ್. 1959ರ ಜನವರಿಯಲ್ಲಿ ತೀರಿಕೊಂಡರು.

ಕಾರ್ಖಾನೆ ಮೈಸೂರು ಪೋರ್ಸಲೈನ್ಸ್ ಆಗಿ, ಬಿಎಚ್‌ಇಎಲ್ ಸೇರಿತು. ಕ್ಯಾಂಪಸ್ ಸಂದರ್ಶನದ ಪುಸ್ತಕ ಹಿಡಿದು ಬಸ್ಸಿನಲ್ಲಿ ಅದರ ಗೇಟು ದಾಟುವಾಗಲೆಲ್ಲ ತಲೆಯೆತ್ತಿ ಕಂಬದ ತುದಿ ನೋಡುತ್ತೇನೆ.