ಕೇಡಗಾಂವದ ಮುಕ್ತಿ ಸದನ ಮತ್ತು ಪಂಡಿತಾ ರಮಾಬಾಯಿ

ಸೊಲ್ಲಾಪುರದಿಂದ ಪುಣೆಗೆ ಸಾಗುವ ರೈಲುಮಾರ್ಗದಲ್ಲಿ ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ಚಿಕ್ಕ ನಿಲ್ದಾಣವಿದೆ. ಅಲ್ಲಿನ ಮುಕ್ತಿ ಮಿಷನ್ನನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದ ಸುಧಾರಕಿಯೆಂದೇ ಹೆಸರಾದ ಅವರು ಹುಟ್ಟಿದ್ದು ಕನ್ನಡನಾಡಿನಲ್ಲಿ, 1858ರಲ್ಲಿ, ತುಂಗಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಜನರ ಅಸಮಾಧಾನಕ್ಕೆ ಗುರಿಯಾಗಿದ್ದವರು. ಮಗಳಿಗೆ ಪುರಾಣ ಕಲಿಸಿದವರು ಆ ತಾಯಿಯೇ. ಊರಿಂದೂರಿಗೆ ಅಲೆಯುತ್ತ ರಮಾಬಾಯಿ ಕನ್ನಡ, ಹಿಂದುಸ್ತಾನಿ, ಬಂಗಾಳಿಗಳನ್ನೂ ಅರಿತರು. ಕ್ಷಾಮಕಾಲದ ಬವಣೆಯಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆ ಹಸಿವಿನ ನೆನಪು ಮುಂದಿನ ಅವರ ಕಾರ್ಯಕ್ಕೆಲ್ಲ ತಳಹದಿಯಾಯಿತು.

ಕಲಕತ್ತೆಯ ವಿದ್ವಾಂಸರಿಂದ ಪಂಡಿತಾ, ಸರಸ್ವತಿ ಎಂಬ ಬಿರುದು, ಬಂಗಾಳಿ ವಕೀಲರೊಡನೆ ವಿವಾಹ, ಎರಡೇ ವರ್ಷಗಳಲ್ಲಿ ವೈಧವ್ಯ, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ: ಇವೆಲ್ಲ ಬಲ್ಲ ಸಂಗತಿಗಳು. ಅವರು ಸಂಸ್ಥೆಯನ್ನು ಹೆಜ್ಜೆಹೆಜ್ಜೆಯಾಗಿ ಬೆಳೆಸಿದ ಬಗೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಅಮೆರಿಕದ ಬೋಸ್ಟನ್ನಿನಲ್ಲಿ ಸ್ಥಾಪಿತವಾದ ಸಂಘವೊಂದು ಹತ್ತು ವರ್ಷಗಳ ನೆರವನ್ನು ವಚನವಿತ್ತಿತು. ಅದನ್ನು ನಂಬಿ 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರ ಶಾರದಾ ಸದನ ತೆರೆಯಿತು. ಆರಂಭದಲ್ಲಿ ಇಬ್ಬರೇ ವಿದ್ಯಾರ್ಥಿನಿಯರು. ಮತಬೋಧನೆ ಇಲ್ಲವೆಂಬುದು ಕರಾರು. ಆದರೆ ರಮಾಬಾಯಿಯವರ ಕೋಣೆಯ ಬಾಗಿಲು ಪ್ರಾರ್ಥನೆಯ ವೇಳೆಯೂ ತೆರೆದಿರುತ್ತಿತ್ತು. ಕೆಲವು ಹುಡುಗಿಯರು ಬಂದು ಕುಳಿತರು. ಸದನ ಪುಣೆಗೆ ಬಂದ ಮೇಲೆ, 1893ರಲ್ಲಿ, ಈ ವಿಷಯವಾಗಿ ಕೋಲಾಹಲವೆದ್ದಿತು. ರಾನಡೆ, ಭಂಡಾರಕರರಂಥ ಸಲಹೆಗಾರರೂ ದೂರ ಸರಿದರು, ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಪೋಷಕರ ಶಂಕೆ ನಿರಾಧಾರವಾಗಿತ್ತೆನ್ನಲಾಗದು. ಬಾಗಿಲು ಮುಚ್ಚೆಂದು ಅವರನ್ನು ಒತ್ತಾಯಿಸುವುದೂ ನ್ಯಾಯವಲ್ಲ. ಉಭಯ ಪಕ್ಷಗಳ ವಿಶ್ವಾಸ ಮುರಿದದ್ದಂತೂ ನಿಜ.

ಬೋಸ್ಟನ್ನಿನ ಹಣ ನಿಲ್ಲುವ ದಿನವನ್ನು ಅವರು ಮೊದಲೇ ಲೆಕ್ಕಹಾಕಿದ್ದರು. ಕೇಡಗಾಂವದಲ್ಲಿ ಸುಮಾರು 100 ಎಕರೆ ನೆಲ ಕೊಂಡು ಹಣ್ಣಿನ ಗಿಡ ನೆಡಿಸಿದ್ದು ಅದಕ್ಕೇ. ತೋಟ ಫಲ ಕೊಡುವ ಮುನ್ನವೇ 1896–97ರ ಬರ ಬಂದಿತು. ಮಧ್ಯಪ್ರಾಂತಗಳಿಗೆ ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್, ಅಷ್ಟು ಜನರನ್ನು ನಗರದಲ್ಲಿ ಇರಿಸುವಂತಿರಲಿಲ್ಲ. ತೋಟವೇ ಆಶ್ರಯವಾಯಿತು. ಶಾರದಾ ಸದನದಲ್ಲಿ ಓದಿದವರೇ ಹೊಸಬರಿಗೆ ಅಕ್ಷರ ಕಲಿಸುವ ಶಿಕ್ಷಕಿಯರಾದರು. ಹಿಂದಿನ ಎಂಟು ವರ್ಷಗಳ ಸಣ್ಣ ಕೆಲಸದ ಬೆಲೆ ತಿಳಿದದ್ದು ಆಗಲೇ. ಕೈಕೆಳಗೆ ತರಬೇತಾದ ಹೆಂಗಸರಿಲ್ಲದಿದ್ದರೆ ಆ 300 ಜನ ಕೇವಲ ಗುಂಪಾಗಿ ಉಳಿಯುತ್ತಿದ್ದರು.

1900ರ ಹೊತ್ತಿಗೆ ನಿವಾಸಿಗಳ ಸಂಖ್ಯೆ 1500ರಷ್ಟಾಯಿತು. ದೇವಾಲಯ ಎದ್ದಿತು, ಪತಿತೆಯರೆನಿಸಿಕೊಂಡವರಿಗಾಗಿ ಕೃಪಾ ಸದನ, ಕುರುಡರಿಗಾಗಿ ಬ್ರೈಲ್ ಪಾಠ, ನೇಯ್ಗೆ, ಒಕ್ಕಲುತನ, ಹೈನು, ಮುದ್ರಣಾಲಯ ಒಂದೊಂದಾಗಿ ಸೇರಿದವು. ಅಚ್ಚುಮೊಳೆ ಜೋಡಿಸುವವರೂ ಹೆಂಗಸರೇ. ರಮಾಬಾಯಿ ಮೂಲಭಾಷೆಗಳಿಂದ ಮರಾಠಿಗೆ ತಂದ ಬೈಬಲ್ಲನ್ನು ಅಚ್ಚಿಗಿಳಿಸಿದ್ದು ಈ ಕೈಗಳೇ.

1912ರಲ್ಲಿ, ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಹೈಸ್ಕೂಲು ಆರಂಭವಾಯಿತು. ಮಗಳು ಮನೋರಮಾ ಅದರ ಮುಖ್ಯಸ್ಥೆ. ತಾಯಿಯ ಬಳಿಕ ಮುಕ್ತಿಯ ಹೊಣೆ ಹೊರಲು ಸಿದ್ಧಳಾಗಿದ್ದವಳು ಅವಳೇ. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡಳು. ರಮಾಬಾಯಿ ಉಳಿದ ತಿಂಗಳುಗಳಲ್ಲಿ ಬೈಬಲ್ಲಿನ ಕೆಲಸದಲ್ಲಿ ತೊಡಗಿ, 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲಿಯೇ ನಿಧನರಾದರು.