ವಿಶ್ವೇಶ್ವರಯ್ಯನವರು ನಮ್ಮ ಜೊತೆ ಗಾಡಿ ನೋಡೋಕೆ ಬಂದಿದ್ದರೆ

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತಂದ್ರೆ ನಮ್ಮ ಕ್ಯಾಂಪಸ್ಸಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ, ಒಂದೆರಡು ಭಾಷಣ ಆಗುತ್ತೆ, ಆಮೇಲೆ ಸಮೋಸ. ಮೂರು ವರ್ಷ ನಾನೂ ಸಮೋಸ ತಿಂದು ಎದ್ದು ಬಂದವನೇ. ರೈಲಿನ ಸದ್ದು ಕೇಳಿ ಹಳಿ ಮುರಿದಿರೋದನ್ನ ಕಂಡುಹಿಡಿದರು ಅನ್ನೋ ಕಥೆ, ಎರಡು ಮೇಣದಬತ್ತಿ ಕಥೆ, ಇವೆಲ್ಲ ವಾಟ್ಸಾಪಲ್ಲಿ ನಿಮಗೂ ಬಂದಿರುತ್ತೆ. ಅವನ್ನ ಇವತ್ತು ಪಕ್ಕಕ್ಕಿಡೋಣ. ಅವರು ನಿಜವಾಗಿ ಹೇಗೆ ಕೆಲಸ ಮಾಡಿದರು ಅಂತ ಓದೋಕೆ ನನ್ನನ್ನ ಕೂರಿಸಿದ್ದು ಒಂದು ಸೆಕೆಂಡ್ ಹ್ಯಾಂಡ್ ಗಾಡಿ.

ನಮ್ಮೂರು ಚಿಕ್ಕಬಳ್ಳಾಪುರದ ಹತ್ತಿರ, ಕಳವಾರ ಬೆಟ್ಟದ ಕಡೆ. ಬೆಂಗಳೂರಿನೋರು ಸ್ಕಂದಗಿರಿ ಅಂತಾರಲ್ಲ, ಅದೇ ಬೆಟ್ಟ. ನಮ್ಮ ದೊಡ್ಡಪ್ಪನ ಮಗ, ಅಣ್ಣ, ದ್ರಾಕ್ಷಿ ಬೆಳೀತಾನೆ. ಬೆಟ್ಟದ ಬುಡದಲ್ಲಿ ಹೋಮ್‌ಸ್ಟೇ ಮಾಡಬೇಕು, ಬಂದೋರನ್ನ ಕಲ್ಲುದಾರಿಯಲ್ಲಿ ಸುತ್ತಾಡಿಸೋಕೆ ಒಂದು ಲಕ್ಷುರಿ ಆಫ್-ರೋಡರ್ ಇರಬೇಕು ಅನ್ನೋದು ಅವನ ಆಸೆ. ಹೊಸದು ಕೈಗೆ ಎಟಕೋ ಮಾತಲ್ಲ. ಹತ್ತು ವರ್ಷ ಹಳೇದೊಂದು ವಿದೇಶಿ ಗಾಡಿ ಮಾರಾಟಕ್ಕಿದೆ ಅಂತ ಗೊತ್ತಾಯ್ತು. ಎರಡು ಬೆಳೆಯ ದುಡ್ಡು, ಮೇಲೆ ಒಂದು ಸಾಲ. ಮನೆಯಲ್ಲಿ ಮೆಕ್ಯಾನಿಕಲ್ ಓದ್ತಿರೋನು ನಾನೊಬ್ಬನೇ ಆದ್ದರಿಂದ ಗಾಡಿ ನೋಡಿ ಹೇಳೋ ಜವಾಬ್ದಾರಿ ನನ್ನ ತಲೆಗೆ ಬಂತು. ನಾನು ತಪ್ಪು ಹೇಳಿದರೆ ಅಣ್ಣನ ಎರಡು ವರ್ಷ ಹೋಯ್ತು ಅಂತಲೇ ಲೆಕ್ಕ.

ಹೆದರಿಕೆಗೆ ಲೈಬ್ರರಿ ಹೊಕ್ಕೆ. ಅಲ್ಲಿ ಸಿಕ್ಕಿದ್ದು ನಮ್ಮ ತಾಲ್ಲೂಕಿನವರೇ ಆದ ಆ ಪೇಟದ ಮುದುಕರ ಜೀವನ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಓದೋ ಖರ್ಚಿಗೆ ಮನೆಪಾಠ ಹೇಳ್ತಿದ್ದರು. 1881ರಲ್ಲಿ ಬಿ.ಎ. ಮುಗೀತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಮರುವರ್ಷ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಕೆಲಸ.

ಶುರುವಿನ ದೊಡ್ಡ ಕೆಲಸಗಳಲ್ಲಿ ಒಂದು ಖಾನ್‌ದೇಶದಲ್ಲಿ ಪಾಂಝರಾ ನದಿಗೆ ಅಡ್ಡಲಾಗಿ ಪೈಪ್ ಸೈಫನ್ ಹಾಕೋದು. ಮಳೆಗಾಲ ಶುರುವಾಗಿತ್ತು, ನದಿ ಏರ್ತಾ ಇತ್ತು. ಮಳೆ ನಿಂತ ಮೇಲೆ ಮಾಡೋಣ ಅಂತ ಈ ಹೊಸ ಹುಡುಗ ಮೇಲಧಿಕಾರಿಗೆ ಬರೆದರು. ಅಧಿಕಾರಿಗೆ ಅದು ಶಿಸ್ತಿಲ್ಲದ ಮಾತಾಗಿ ಕಂಡಿತು. ಸರಿ ಅಂತ ವಾದ ಬಿಟ್ಟು, ಪ್ರವಾಹದ ಮಧ್ಯೆಯೇ ಕಷ್ಟಪಟ್ಟು ಕೆಲಸ ಮುಗಿಸಿಕೊಟ್ಟರು. ಏನು ಮಾಡ್ತೀವಿ ಅನ್ನೋದರಷ್ಟೇ ಯಾವ ಹೊತ್ತಲ್ಲಿ ಮಾಡ್ತೀವಿ ಅನ್ನೋದೂ ಮುಖ್ಯ ಅಂತ ನನಗೆ ಅಲ್ಲಿ ಹೊಳೀತು.

ಗಾಡಿ ವಿಷಯದಲ್ಲಿ ಇದು ಮೊದಲ ದಿನವೇ ಎದುರಾಯ್ತು. ನಾವು ಬರೋ ತನಕ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರೋರಿಗೆ ಫೋನಲ್ಲಿ ಕೇಳಿದ್ದೆವು. ಹೋಗಿ ಬಾನೆಟ್ ಮುಟ್ಟಿದರೆ ಬೆಚ್ಚಗಿತ್ತು. ಬಿಸಿಯಾದ ಇಂಜಿನ್ ತನ್ನ ಅರ್ಧ ಕಾಯಿಲೆ ಮುಚ್ಚಿಡುತ್ತೆ. ತಣ್ಣಗಿದ್ದಾಗ ಸ್ಟಾರ್ಟ್ ಆಗೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಹೊಗೆ ಯಾವ ಬಣ್ಣ, ಟೈಮಿಂಗ್ ಚೈನ್ ಗಲಗಲ ಅನ್ನುತ್ತಾ, ಇದೆಲ್ಲ ಆಗ ಮಾತ್ರ ಗೊತ್ತಾಗೋದು. ಕೂಲೆಂಟ್ ಮುಚ್ಚಳವನ್ನೂ ತಣ್ಣಗಿದ್ದಾಗಲೇ ತೆಗೀಬೇಕು, ಬಿಸಿಯಲ್ಲಿ ತೆಗೆದರೆ ಮುಖ ಸುಟ್ಟುಕೊಳ್ತೀವಿ. ಜಗಳ ಆಡದೆ, ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀವಿ ಅಂತ ಹೇಳಿ ವಾಪಸ್ ಬಂದೆವು.

ವಿಶ್ವೇಶ್ವರಯ್ಯನವರ ಮುಂದಿನ ಪರೀಕ್ಷೆ 1894-95ರಲ್ಲಿ, ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ. ಊರಿಗೆ ಸಿಂಧೂ ನದಿಯ ನೀರು ಬೇಕು, ನೀರು ನೋಡಿದರೆ ಕೆಸರು, ಫಿಲ್ಟರ್ ಕಟ್ಟೋಕೆ ಪುರಸಭೆ ಹತ್ತಿರ ದುಡ್ಡಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದು ಬರೋ ನೀರು ತಾನಾಗಿಯೇ ತಿಳಿಯಾಯ್ತು. ಕಾಸಿಲ್ಲದ ಕಡೆ ಮೊದಲು ಅಗ್ಗದ ದಾರಿ ಹುಡುಕಿದರು.

1903ರ ಹೊತ್ತಿಗೆ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಬಂದವು. ನೀರು ಮಟ್ಟ ಮೀರಿದರೆ ಗೇಟು ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚುತ್ತೆ. ಹಳೇ ಕಟ್ಟೆಯನ್ನ ಎತ್ತರಿಸದೆಯೇ ಹೆಚ್ಚು ನೀರು ಹಿಡಿದಿಡೋ ಹಾಗಾಯ್ತು. ಮುಂದೆ ಗ್ವಾಲಿಯರ್‌ನ ಟಿಗ್ರಾದಲ್ಲಿ, ನಮ್ಮ ಕನ್ನಂಬಾಡಿಯಲ್ಲೂ ಇಂಥ ಗೇಟು ಹಾಕಿದರು.

ನನ್ನ ಕಣ್ಣು ತೆರೆಸಿದ್ದು ಮಾತ್ರ ಹೈದರಾಬಾದ್ ಅಧ್ಯಾಯ. 1908ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಆಗಷ್ಟೇ ಬೊಂಬಾಯಿ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರನ್ನ ನಿಜಾಮರ ಸರ್ಕಾರ ಕರೆಸಿಕೊಂಡಿತು. ಊರೊಳಗೆ ಗೋಡೆ ಎತ್ತರಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ಮಳೆ ಲೆಕ್ಕ ತೆಗೆದರು, ನದಿಯ ಜಲಾನಯನ ಪ್ರದೇಶವನ್ನ ಸರ್ವೆ ಮಾಡಿಸಿದರು. ಮೇಲ್ಗಡೆ ನೂರಾರು ಸಣ್ಣ ಕೆರೆಗಳಿದ್ದವು, ಅವುಗಳಲ್ಲಿ ಎಷ್ಟೋ ಕೆರೆ ಒಂದರ ಹಿಂದೆ ಒಂದು ಒಡೆದು ಪ್ರವಾಹ ಹಿಗ್ಗಿತ್ತು. ಊರಲ್ಲಿ ನಿಂತು ನೋಡಿದರೆ ಇದು ಕಾಣೋದೇ ಇಲ್ಲ. ಹಾಗಾಗಿ ಅವರು ಕೊಟ್ಟ ಪರಿಹಾರವೂ ಊರ ಮೇಲ್ಗಡೆಯದ್ದೇ: ಮೂಸಿಗೂ ಅದರ ಉಪನದಿ ಈಸಿಗೂ ಒಂದೊಂದು ದೊಡ್ಡ ಜಲಾಶಯ. ಅವೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆದವು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ನಾವು ಹೋದಾಗ ಗಾಡಿ ಹಿಂದಿನ ಎಡ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ ಹಾಗಿತ್ತು. ಈ ಗಾಡಿಗಳಲ್ಲಿ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ, ಅದಕ್ಕೆ ಏರ್ ಸಸ್ಪೆನ್ಷನ್ ಅಂತಾರೆ. ಒಂದು ಕಂಪ್ರೆಸರ್ ಗಾಳಿ ತುಂಬಿ ನಾಲ್ಕೂ ಮೂಲೆ ಸಮ ಮಾಡುತ್ತೆ. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಗಾಡಿ ಎದ್ದು ನಿಂತಿತು. ಹಿಂದಿನ ದಿನ ನಮಗೆ ಏನೂ ಕಾಣದೇ ಇದ್ದದ್ದು ಇದಕ್ಕೇ. ಮಾರೋರು ಕಂಪ್ರೆಸರ್ ಹೊಸದು ಅಂತ ಮೂರು ತಿಂಗಳ ಹಿಂದಿನ ಬಿಲ್ಲು ತೋರಿಸಿದರು. ಬಿಲ್ಲು ನಿಜವೇ. ಹಳೇ ಕಂಪ್ರೆಸರ್ ಯಾಕೆ ಹೋಯ್ತು ಅಂತ ಮಾತ್ರ ಯಾರೂ ನೋಡಿರಲಿಲ್ಲ.

ಆಗ ನೆನಪಾಗಿದ್ದು ಮೂಸಿ. ಸುಕ್ಕೂರಿನ ಅಗ್ಗದ ದಾರಿಯೂ ನೆನಪಾಯ್ತು. ಸ್ಪ್ರೇ ಬಾಟಲಲ್ಲಿ ಸೋಪಿನ ನೀರು ತುಂಬಿಕೊಂಡು ಹೋಗಿದ್ದೆ. ಎಡಗಡೆಯ ಗಾಳಿಚೀಲದ ಮಡಿಕೆಗೆ ಹೊಡೆದೆ, ಗುಳ್ಳೆ ಎದ್ದವು. ಚೀಲ ಸೋರುತ್ತೆ, ಕಂಪ್ರೆಸರ್ ಅದನ್ನ ತುಂಬಿಸೋಕೆ ಬಿಡುವಿಲ್ಲದೆ ಓಡುತ್ತೆ, ಕಾದು ಸಾಯುತ್ತೆ. ಚೀಲ ಬದಲಾಯಿಸದೆ ಕಂಪ್ರೆಸರ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತೆ.

ಈಗ ಮೈಸೂರಿಗೆ ಬರೋಣ. 1909ರಲ್ಲಿ ಅವರು ಮೈಸೂರಿನ ಚೀಫ್ ಇಂಜಿನಿಯರ್ ಆದರು, 1912ರಲ್ಲಿ ದಿವಾನರು. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲೇ ಶುರುವಾಗಿತ್ತು. ಮದರಾಸು ಸರ್ಕಾರ ಚಿಕ್ಕ ಜಲಾಶಯಕ್ಕೆ ಮಾತ್ರ ಒಪ್ಪಿತ್ತು. ಇವರು ತಳಪಾಯವನ್ನ ಮಾತ್ರ 124 ಅಡಿ ನೀರು ನಿಲ್ಲೋ ಪೂರ್ತಿ ಕಟ್ಟೆಗೆ ಬೇಕಾದಷ್ಟು ಅಗಲಕ್ಕೇ ಹಾಕಿಸಿದರು. ಕಟ್ಟೆಯನ್ನ ಆಮೇಲೂ ಎತ್ತರಿಸಬಹುದು, ತಳಪಾಯ ಮತ್ತೆ ಹಾಕೋಕಾಗಲ್ಲ. ವಿವಾದ ಬಗೆಹರಿದು ಒಪ್ಪಂದ ಆಗಿದ್ದು 1924ರಲ್ಲಿ. ಈ ನಡುವೆ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಅಂದ್ರೆ ಇವತ್ತಿನ ಯುವಿಸಿಇ.

ತಳಪಾಯದ ಮಾತು ನೆನೆಸಿಕೊಂಡೇ ನಾನು ಗಾಡಿ ಕೆಳಗೆ ಮಲಗಿದ್ದು. ಲೆದರ್ ಸೀಟು, ಸನ್‌ರೂಫ್ ಎಲ್ಲ ಆಮೇಲೆ ನೋಡಬಹುದು. ಚಾಸಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರು. ಹಳೇ ಗಾಡಿಗೆ ಹೊಸ ಕಪ್ಪು ಬಣ್ಣ ಕಂಡರೆ ಅನುಮಾನ ಪಡಬೇಕು. ತುಕ್ಕು, ವೆಲ್ಡಿಂಗ್, ಬಂಡೆಗೆ ತಗುಲಿದ ಗಾಯ, ಏನು ಬೇಕಾದರೂ ಅದರಡಿ ಇರಬಹುದು. ಪುಣ್ಯಕ್ಕೆ ಬಿರುಕಿರಲಿಲ್ಲ. ಕಾರ್ಪೆಟ್ ಎತ್ತಿ, ಸೀಟಿನ ಬೋಲ್ಟು, ಹಳಿ ನೋಡಿದೆವು. ನೀರಲ್ಲಿ ಮುಳುಗಿದ್ದ ಗಾಡಿಯಾದರೆ ಅಲ್ಲಿ ಒಣಗಿದ ಹೂಳು ಸಿಗುತ್ತೆ. ಇರಲಿಲ್ಲ. ನಾಲ್ಕು ಟೈರು ಮಾತ್ರ ಎರಡು ಬ್ರ್ಯಾಂಡು, ಸವೆತ ಬೇರೆ ಬೇರೆ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿಯಲ್ಲಿ ಟೈರಿನ ಸುತ್ತಳತೆ ಹೆಚ್ಚುಕಮ್ಮಿಯಾದರೆ ಟ್ರಾನ್ಸ್‌ಫರ್ ಕೇಸಿನ ಮೇಲೆ ಭಾರ ಬೀಳುತ್ತೆ. ಖಾಲಿ ಹೊಲದಲ್ಲಿ ಲೋ ರೇಂಜ್ ಹಾಕಿ ನೋಡಿದೆವು, ಅದು ಸರಿಯಾಗಿ ಹಿಡಿಯಿತು. ಕೊನೆಗೆ ಸ್ಕ್ಯಾನರ್ ಚುಚ್ಚಿದರೆ ಒಂದೂ ಫಾಲ್ಟ್ ಕೋಡ್ ಇಲ್ಲ. ಖುಷಿಪಡೋ ಮೊದಲು ರೆಡಿನೆಸ್ ಮಾನಿಟರ್ ತೆಗೆದು ನೋಡಿದೆ, ಹೆಚ್ಚಿನವು ಅಪೂರ್ಣ. ಅಂದ್ರೆ ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ದಾರೆ, ಇಲ್ಲವೇ ಕೋಡ್ ಅಳಿಸಿದ್ದಾರೆ.

ಇನ್ನು ತೀರ್ಮಾನ ಬಾಕಿ. ಇಲ್ಲಿ ನೆರವಿಗೆ ಬಂದಿದ್ದು ಭದ್ರಾವತಿ. 1918ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದರು. ಅವರ ಕಾಲದಲ್ಲೇ ಯೋಜನೆಯಾದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಅಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು, ಕಾರ್ಖಾನೆ ನಷ್ಟದಲ್ಲಿ ಮುಳುಗಿತ್ತು. ಮಹಾರಾಜರು ಕರೆದಾಗ ಅರವತ್ತು ದಾಟಿದ್ದ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರ ತನಕ ದುಡಿದರು. ಒಂದೊಂದು ವಿಭಾಗದ ಖರ್ಚು ಬಿಡಿಸಿ ನೋಡಿದರು, ವಿದೇಶಿ ತಜ್ಞರ ಜಾಗಕ್ಕೆ ನಮ್ಮ ಹುಡುಗರನ್ನ ತಯಾರು ಮಾಡಿದರು. ಅಲ್ಲಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನ ಕಸುಬು ಕಲಿಸೋ ಸಂಸ್ಥೆಗೆ ಬಳಸಿ ಅಂದರು. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ.

ಅಣ್ಣನ ಜೊತೆ ಕೂತು ನಾವೂ ಖರ್ಚು ಬಿಡಿಸಿ ಬರೆದೆವು: ಗಾಳಿಚೀಲ (ಒಂದು ಹೋದರೆ ಜೊತೆಯದ್ದೂ ಬದಲಾಯಿಸೋದು ಒಳ್ಳೇದು), ದಣಿದ ಕಂಪ್ರೆಸರ್, ನಾಲ್ಕು ಟೈರು, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲ್, ಅಳಿಸಿದ ಕೋಡ್ ಹಿಂದೆ ಅಡಗಿರಬಹುದಾದ ಇನ್ನೊಂದು ರಿಪೇರಿ. ಒಟ್ಟು ಕೇಳಿದ ಬೆಲೆಯ ಮೂರನೇ ಒಂದು ಭಾಗ ಮುಟ್ಟಿತು. ಮಾರೋರು ಬೆಲೆ ಇಳಿಸೋಕೆ ಒಪ್ಪಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಡ ಅಂದುಬಿಟ್ಟ. ಮುಖ ಸಣ್ಣದಾಗಿತ್ತು, ನನಗೂ ಬೇಜಾರಾಯ್ತು.

ವಾಪಸ್ ಬರ್ತಾ ಮುದ್ದೇನಹಳ್ಳಿಯಲ್ಲಿ ಬೈಕ್ ನಿಲ್ಲಿಸಿದೆವು. ನಂದಿಬೆಟ್ಟ ಕಾಣೋ ಜಾಗದಲ್ಲಿ ಅವರ ಸಮಾಧಿ ಇದೆ, ಹುಟ್ಟಿದ ಮನೆ ಸ್ಮಾರಕ ಆಗಿದೆ. ಅಲ್ಲಿ ಕೂತು ಅಣ್ಣನಿಗೆ ಕೊನೆಯ ಅಧ್ಯಾಯ ಹೇಳಿದೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ, ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕದ ಕಾರು ಕಾರ್ಖಾನೆಗಳನ್ನ ನೋಡೋಕೆ ಹೊರಟರು. ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದರು 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದರು, ಅದೇ ಇವತ್ತಿನ ಎಚ್‌ಎಎಲ್. 1944ರಲ್ಲಿ ಬೊಂಬಾಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಬಂತು. ಬೆಂಗಳೂರಲ್ಲಿ ಕಾರು ಕಾರ್ಖಾನೆ ನೋಡೋ ಆಸೆ ಮಾತ್ರ ಆಗ ಕೈಗೂಡಲಿಲ್ಲ. 1955ರಲ್ಲಿ ಭಾರತರತ್ನ ಬಂತು, 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಅಣ್ಣ ಎಲ್ಲ ಕೇಳಿ, ಮುಂದಿನ ಬೆಳೆಗೆ ಮತ್ತೆ ಗಾಡಿ ಹುಡುಕೋಣ, ಆಗಲೂ ಸೋಪಿನ ನೀರು ತಗೊಂಡು ಬಾ ಅಂದ. ಈ ಸೆಪ್ಟೆಂಬರ್ 15ಕ್ಕೆ ಕ್ಲಬ್ಬಿನಿಂದ ಮುದ್ದೇನಹಳ್ಳಿಗೆ ಹೋಗೋ ಪ್ಲಾನ್ ಹಾಕೋಣ. ಸಮೋಸ ಅಲ್ಲೇ ತಿನ್ನೋಣ. ಬರೋ ದಾರಿಯಲ್ಲಿ ಯಾರದ್ದಾದರೂ ಹಳೇ ಗಾಡಿ ಇದ್ದರೆ ಹೇಳಿ, ಬೆಳಿಗ್ಗೆ ಆರಕ್ಕೇ ಬರ್ತೀವಿ. ಇಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡಿ.