ಗಾಳಿಗೆ ತೂಗಿದ ಶಿಲ್ಪಿ ಕಾಲ್ಡರ್

ಮೊಬೈಲ್ ಎಂದರೆ ಇಂದು ನೆನಪಾಗುವುದು ಫೋನು. ಆದರೆ 1931ರಲ್ಲೇ ಆ ಹೆಸರು ಪಡೆದದ್ದು ಅಲೆಕ್ಸಾಂಡರ್ ಕಾಲ್ಡರ್ ಅವರ ಚಲಿಸುವ ಶಿಲ್ಪಗಳು. ಹೆಸರಿಟ್ಟವರು ಕಲಾವಿದ ಮಾರ್ಸೆಲ್ ದ್ಯುಶಾಂ.

1898ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜನಿಸಿದ ಕಾಲ್ಡರ್ ಅವರ ತಂದೆ, ಅಜ್ಜ ಇಬ್ಬರೂ ಶಿಲ್ಪಿಗಳು. ಅವರು ಮಾತ್ರ ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಆ ವಿದ್ಯೆ ವ್ಯರ್ಥವಾಗಲಿಲ್ಲ. ಆರಂಭದ ಕೆಲವು ಶಿಲ್ಪಗಳನ್ನು ಮೋಟಾರಿನಿಂದ ತಿರುಗಿಸಿದ ಅವರು, ಬಳಿಕ ಆ ಕೆಲಸವನ್ನು ಗಾಳಿಗೇ ಒಪ್ಪಿಸಿದರು. ತಂತಿಯ ತುದಿಗಳಿಗೆ ಲೋಹದ ತಗಡು ಜೋಡಿಸಿ, ತಕ್ಕಡಿಯಂತೆ ತೂಕ ಸರಿದೂಗಿಸಿ, ಒಂದರ ಕೆಳಗೊಂದು ತೂಗುಬಿಡುವುದು ಅವರ ಕ್ರಮ. 1955ರಲ್ಲಿ ಸಾರಾಭಾಯಿ ಕುಟುಂಬದ ಆಹ್ವಾನದ ಮೇರೆಗೆ ಅಹಮದಾಬಾದಿಗೂ ಬಂದು ಶಿಲ್ಪಗಳನ್ನು ರಚಿಸಿದರು. 1957ರಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣಕ್ಕೆ ಬೃಹತ್ ತೂಗುಶಿಲ್ಪವನ್ನು ನೀಡಿದರು.

ಕೊನೆಯ ಸವಾಲು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯದು. ಉಕ್ಕಿನಲ್ಲಿ ರೂಪಿಸಿದ್ದರೆ ಸಭಾಂಗಣದ ಮಂದ ಗಾಳಿಗೆ ಆ ಶಿಲ್ಪ ಮಿಸುಕುತ್ತಿರಲಿಲ್ಲ. ಶಿಲ್ಪಿ ಪೌಲ್ ಮ್ಯಾಟೀಸ್ ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ಬಳಸಿ, ಸುಮಾರು 23 ಮೀಟರ್ ಹರವಿನ ಕೃತಿಯ ಭಾರವನ್ನು ಸುಮಾರು 420 ಕಿಲೋಗೆ ಇಳಿಸಿದರು.

1976ರ ನವೆಂಬರ್ 11ರಂದು ಕಾಲ್ಡರ್ ನಿಧನರಾದರು. ಮರುವರ್ಷದ ನವೆಂಬರಿನಲ್ಲಿ ಶಿಲ್ಪ ಸೂರಿಗೇರಿ ಮೆಲ್ಲನೆ ತಿರುಗತೊಡಗಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಅವರಿಗೆ ಒದಗಲಿಲ್ಲ.